ಕೌದಿಯ ಟಾಕೆಗಳನ್ನು ಎಣಿಸಿದವರಾರು?

ಮಹಾಲಯ ಅಮಾವಾಸ್ಯೆ ಸಮೀಪಿಸಿತೆಂದರೆ ಚಿಕ್ಕೋಡಿ ಸೀಮೆಯ ಹೊಳೆದಂಡೆಗಳಿಗೆ ಬಣ್ಣ ಬರುತ್ತದೆ. ಘಟಸ್ಥಾಪನೆಗೆ ಮೊದಲು ಮನೆಯ ಹಾಸಿಗೆ ಹೊದಿಕೆಗಳೆಲ್ಲವೂ ನೀರು ಕಾಣಬೇಕೆಂಬುದು ಇಲ್ಲಿಯ ಹಳೆಯ ರೂಢಿ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ತೀರದಲ್ಲಿ ಹೆಂಗಸರು ಗಂಟುಗಳನ್ನು ಬಿಚ್ಚುತ್ತಾರೆ. ನೆನೆದು ಭಾರವಾದ ಹೊದಿಕೆಯನ್ನು ಒಬ್ಬರೇ ಎತ್ತಲಾಗದು. ಇಬ್ಬರು ಎರಡು ತುದಿಗಳನ್ನು ಹಿಡಿದು ಹಿಂಡಬೇಕು. ಮಧ್ಯಾಹ್ನದ ಹೊತ್ತಿಗೆ ಬಂಡೆ, ಬೇಲಿ, ದಂಡೆಯ ಹುಲ್ಲು ಎಲ್ಲೆಲ್ಲಿಯೂ ಕೆಂಪು, ಹಸಿರು, ನೀಲಿ, ಹಳದಿಯ ಚೌಕಗಳು ಬಿಸಿಲಿಗೆ ಮೈಯೊಡ್ಡಿಕೊಂಡು ಬಿದ್ದಿರುತ್ತವೆ. ದೂರದಿಂದ ನೋಡಿದವರಿಗೆ ಬದುವು ಹಾಕಿದ ಚಿಕ್ಕ ಚಿಕ್ಕ ಹೊಲಗಳಂತೆ ತೋರುತ್ತವೆ.

ಹತ್ತಿರ ಹೋಗಿ ನೋಡಿದರೆ ಅದು ಹೊಲವಲ್ಲ, ಒಂದು ಸಂಸಾರ. ಈ ಮೂಲೆಯಲ್ಲಿರುವ ಹಸಿರು ಪಟ್ಟಿ ಅಜ್ಜಿಯ ಇಳಕಲ್ ಸೀರೆಯದು. ನಡುವಿನ ಬಿಳಿಯ ಚೌಕ ಅಜ್ಜನ ಧೋತರದ್ದು. ಅದರ ಪಕ್ಕದ ಖಾಕಿ ತುಂಡು ಹಿರಿಯ ಮಗನ ಶಾಲೆಯ ಚಡ್ಡಿ. ಅಂಚಿನಲ್ಲಿ ಮಿನುಗುವ ಮುಕ್ಕೋನ ಗುಳೇದಗುಡ್ಡದ ಖಣ. ಅದು ಮದುವೆಯಲ್ಲಿ ಉಡಿ ತುಂಬಿದಾಗ ಬಂದದ್ದು. ಉಟ್ಟು ತೊಟ್ಟು ಸವೆಸಿದ ಬಟ್ಟೆಯೆಲ್ಲವೂ ಬಂದು ಸೇರಿ ಒಂದು ಹೊದಿಕೆಯಾಗಿದೆ. ಇದೇ ಉತ್ತರ ಕರ್ನಾಟಕದ ಕೌದಿ.

ಮನೆಯ ಲೆಕ್ಕದ ಪುಸ್ತಕದಲ್ಲಿ ಹಾಲಿನವನ ಬಾಕಿ ಇರುತ್ತದೆ, ಕಿರಾಣಿಯ ಬಾಕಿ ಇರುತ್ತದೆ. ಆದರೆ ಕೌದಿಗೆ ತಗಲಿದ್ದೆಷ್ಟು ಎಂದು ಬರೆದಿಟ್ಟ ಗೃಹಿಣಿ ಅಪರೂಪ. ಬಟ್ಟೆ ಹಳೆಯದು, ಹೊಲಿದವಳು ಮನೆಯವಳು ಅಥವಾ ಬಾಗಿಲಿಗೆ ಬಂದವಳು. ಹೀಗಾಗಿ ಅದು 'ಪುಕ್ಕಟೆಯ ಹೊದಿಕೆ' ಎಂಬ ಭಾವನೆ ಬೆಳೆದುಬಂದಿದೆ. ಆ ಭಾವನೆ ಎಷ್ಟರ ಮಟ್ಟಿಗೆ ನಿಜ?

ಹೆಸರು ಹಲವು, ಹೊದಿಕೆ ಒಂದು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ಊರುಗಳು ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಸೀಮೆಯಲ್ಲಿವೆ. 1956ರ ನವೆಂಬರ್ 1ರವರೆಗೆ ಇವೆಲ್ಲ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಗೆ ಸೇರಿದ್ದವು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಅತ್ತೆಯ ಮಾತು ಕನ್ನಡ, ಸೊಸೆಯ ತವರಿನ ಮಾತು ಮರಾಠಿ. ಕನ್ನಡದ ಬಾಯಿಗೆ 'ಕೌದಿ' ಆದದ್ದು ಮರಾಠಿಯ ಬಾಯಿಗೆ 'ಗೋಧಡಿ'. ಕೊಲ್ಲಾಪುರದ ಕಡೆ ಅದನ್ನೇ 'ವಾಕಳ' ಎನ್ನುವವರೂ ಉಂಟು. ಹೆಸರು ಯಾವುದೇ ಇರಲಿ, ಚಳಿಯ ರಾತ್ರಿಯಲ್ಲಿ ಮಗು ಅದರೊಳಗೆ ಕಾಲು ಮಡಚಿ ಮಲಗುವ ರೀತಿ ಒಂದೇ.

ಕೌದಿಗೆ ಕೆಲಸವೂ ಒಂದೆರಡಲ್ಲ. ಹಾಸಲು ಅದೇ, ಹೊದೆಯಲು ಅದೇ. ತೊಟ್ಟಿಲಿಗೆ ಚಿಕ್ಕ ಕೌದಿ, ಬಾಣಂತಿಯ ಹೊರಸಿಗೆ ದಪ್ಪ ಕೌದಿ. ಮಾಘ ಮಾಸದಲ್ಲಿ ರಾಯಬಾಗ ತಾಲೂಕಿನ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಚಕ್ಕಡಿ ಕಟ್ಟಿದಾಗ, ಹುಲ್ಲಿನ ಮೇಲೆ ಹಾಸುವುದು ಕೌದಿ. ರಾತ್ರಿ ಬಯಲಿನಲ್ಲಿ ಹೊದೆಯುವುದೂ ಅದೇ ಕೌದಿ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರಖಾನೆಗಳ ಸುತ್ತ ಗುಡಿಸಲು ಹಾಕುವ ಕಬ್ಬು ಕಡಿಯುವವರ ಸಾಮಾನಿನಲ್ಲಿಯೂ ಕುಡುಗೋಲಿನೊಡನೆ ಒಂದು ಕೌದಿಯ ಸುರುಳಿ ಇದ್ದೇ ಇರುತ್ತದೆ. ಮನೆಗೆ ನೆಂಟರು ಬಂದಾಗ ಮಾತ್ರ ಟ್ರಂಕಿನಿಂದ ಹೊರಬರುವ ಕೌದಿಯೊಂದು ಪ್ರತ್ಯೇಕವಾಗಿರುವುದುಂಟು. ಅದರ ಚೌಕಗಳೆಲ್ಲ ಸಮ, ಬಣ್ಣಗಳೆಲ್ಲ ಹೊಂದಿಕೆ. ಅದನ್ನು ಹೊದೆದ ನೆಂಟನಿಗೆ ಆ ಮನೆಯ ಗೃಹಿಣಿಯ ಕೈಗುಣ ತಿಳಿಯಬೇಕೆಂಬುದು ಉದ್ದೇಶ.

ಸವೆದ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿಯುವ ಈ ವಿದ್ಯೆ ಕೇವಲ ಈ ಸೀಮೆಯದಲ್ಲ. ತೇಪೆ ಹಾಕಿದ ಹೊದಿಕೆಗೆ ಸಂಸ್ಕೃತದಲ್ಲಿ 'ಕಂಥಾ' ಎಂಬ ಹೆಸರುಂಟು. ಬಂಗಾಲದ 'ಕಾಂಥಾ' ಆ ಹೆಸರನ್ನೇ ಹೊತ್ತಿದೆ. ಬಿಹಾರದಲ್ಲಿ ಸುಜನಿ, ಸಿಂಧ ಮತ್ತು ರಾಜಸ್ಥಾನಗಳಲ್ಲಿ ರಲ್ಲಿ. ಬೌದ್ಧ ಭಿಕ್ಷುಗಳ ಚೀವರವೂ ತುಂಡುಗಳನ್ನು ಜೋಡಿಸಿದ ವಸ್ತ್ರವೇ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ, ಆ ಮಾದರಿಯಲ್ಲಿ ಚೀವರವನ್ನು ಹೊಲಿಯುವಂತೆ ಬುದ್ಧನು ಆನಂದನಿಗೆ ಹೇಳಿದನೆಂದು ವಿನಯಪಿಟಕದಲ್ಲಿ ಕಥೆಯಿದೆ. ಹೊಳೆದಂಡೆಯ ಕೌದಿಗಳನ್ನು ಕಂಡಾಗ ಹೊಲಗಳ ನೆನಪಾಗುವುದು ಹೊಸ ಮಾತೇನಲ್ಲ!

ಕರ್ನಾಟಕದಲ್ಲಿಯೇ ಇದಕ್ಕೊಬ್ಬ ಹತ್ತಿರದ ತಂಗಿ ಇದ್ದಾಳೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ನೆಲೆಸಿರುವ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ಹೊದಿಕೆಗೆ 'ಕವಂದಿ' ಎಂದು ಹೆಸರು. ಇವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. ಕವಂದಿಯನ್ನು ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಗುಂಟ ಸುತ್ತುತ್ತ ಸುತ್ತುತ್ತ ನಡುವಿಗೆ ತಂದು ಮುಗಿಸುತ್ತಾರೆ. ಕೊನೆಗೆ ನಾಲ್ಕು ಮೂಲೆಗಳಿಗೂ ಮಡಚಿದ ಬಟ್ಟೆಯ 'ಫೂಲ'ಗಳನ್ನು, ಎಂದರೆ ಹೂಗಳನ್ನು, ಇಡಬೇಕು. ಇಲ್ಲವಾದರೆ ಆ ಹೊದಿಕೆ ಬತ್ತಲೆ ಎಂದೇ ಅವರ ಭಾವನೆ. 2004ರಲ್ಲಿ ಸಿದ್ದಿ ಹೆಂಗಸರ ಕವಂದಿಯ ಸಹಕಾರಿ ಕೂಟವೊಂದು ರೂಪುಗೊಂಡಿತು. ಅವರ ಕೈಕೆಲಸವು ಅಮೆರಿಕದ ಪ್ರದರ್ಶನಗಳನ್ನೂ ಕಂಡಿತು.

ಕೌದಿ ಹೊಲಿಯುವ ಬಗೆ

ಕೌದಿಯ ಕೆಲಸಕ್ಕೆ ತಕ್ಕ ಕಾಲ ಬೇಸಗೆ. ಸುಗ್ಗಿ ಮುಗಿದು ಅಂಗಳ ಒಣಗಿರುತ್ತದೆ. ಮಧ್ಯಾಹ್ನದ ಹೊತ್ತು ಉದ್ದವಾಗಿರುತ್ತದೆ. ಪಟ್ಟಣದ ಮನೆಗಳಲ್ಲಿ ಅಂಗಳವಿಲ್ಲದಿದ್ದರೂ ಪಡಸಾಲೆಯ ನೆಲ ಸಾಕು. ಬೇಕಾಗುವ ಸಾಮಗ್ರಿಯೂ ಅಲ್ಪವೇ: ಹಳೆಯ ಹತ್ತಿಯ ಸೀರೆ, ಚೂರು ಬಟ್ಟೆಗಳು, ದಪ್ಪನೆಯ ಹತ್ತಿ ನೂಲು, ಉದ್ದವಾದ ಗಟ್ಟಿ ಸೂಜಿ, ಬೆರಳಿಗೆ ಅಂಗುಸ್ತಾನ, ಒಂದು ಕತ್ತರಿ.

ಮೊದಲನೆಯದು ಬಟ್ಟೆಯನ್ನು ಆರಿಸುವ ಕೆಲಸ. ಎಲ್ಲವನ್ನೂ ಒಮ್ಮೆ ಒಗೆದು ಒಣಗಿಸಬೇಕು. ಹೊಸ ಚೂರುಗಳಲ್ಲಿ ಗಂಜಿ ಇರುತ್ತದೆ. ಅವನ್ನು ಒಗೆಯದೆ ಹಳೆಯ ಬಟ್ಟೆಯ ಜೊತೆಗೆ ಕೂಡಿಸಿದರೆ ಮೊದಲ ಒಗೆತದಲ್ಲಿಯೇ ಅವು ಕುಗ್ಗಿ, ಕೌದಿಯ ಮುಖ ಸುಕ್ಕುಗಟ್ಟುತ್ತದೆ. ಕೆಂಪು ಮತ್ತು ಕಡುನೀಲಿಯ ಬಟ್ಟೆಗಳನ್ನು ಒದ್ದೆಯಾದ ಬಿಳಿಯ ಚಿಂದಿಯಿಂದ ಉಜ್ಜಿ ನೋಡಬೇಕು; ಬಣ್ಣ ಬಿಟ್ಟರೆ ಅದನ್ನು ಬಿಳಿಯ ಚೌಕದ ನೆರೆಗೆ ಇಡಬಾರದು. ಬಟ್ಟೆ ಹತ್ತಿಯೋ ಅಲ್ಲವೋ ಎಂಬ ಸಂದೇಹ ಬಂದರೆ ಒಂದೆರಡು ಎಳೆಗಳನ್ನು ಕಿತ್ತು ಎಚ್ಚರಿಕೆಯಿಂದ ದೀಪಕ್ಕೆ ಹಿಡಿಯಬೇಕು. ಹತ್ತಿಯು ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗುತ್ತದೆ.

ಎರಡನೆಯದು ಅಳತೆ. 80 ಅಂಗುಲ ಉದ್ದ, 60 ಅಂಗುಲ ಅಗಲದ ಕೌದಿ ಒಬ್ಬರಿಗೆ ಹಾಸಲೂ ಹೊದೆಯಲೂ ಸಾಕು. ಈ ಭಾಗದ ಹಿರಿಯ ಹೆಂಗಸರು ಉಡುವ ಒಂಬತ್ತು ವಾರದ ಸೀರೆಯ ಉದ್ದ 324 ಅಂಗುಲ. ಅಗಲವು 45 ಅಂಗುಲವಿದ್ದರೆ ಅಂಥ ಒಂದೇ ಸೀರೆಯಿಂದ ಈ ಅಳತೆಯ ಮೂರು ಪದರಗಳು ಏಳುತ್ತವೆ. ಅಜ್ಜಿಯ ಒಂದು ಸೀರೆ ಕೌದಿಯ ಮೈಯೆಲ್ಲವನ್ನೂ ಹೊರುತ್ತದೆಂದಾಯಿತು. ಉಳಿದದ್ದು ಮುಖದ ಅಲಂಕಾರ.

ಮುಖಕ್ಕೆ ಚೌಕಗಳನ್ನೇ ಇಡುವುದಾದರೆ 6 ಅಂಗುಲದ ಚೌಕಗಳನ್ನು ಕತ್ತರಿಸಿಕೊಳ್ಳಬೇಕು. ನಾಲ್ಕು ಕಡೆಯೂ ಅರ್ಧ ಅಂಗುಲ ಒಳಮಡಚಿದರೆ 5 ಅಂಗುಲ ಉಳಿಯುತ್ತದೆ. ಉದ್ದಕ್ಕೆ 16, ಅಗಲಕ್ಕೆ 12. ಒಟ್ಟು 192 ಚೌಕಗಳು. ಇಷ್ಟು ಸಮನಾದ ಚೌಕಗಳು ಸಿಕ್ಕದವರು ಚಿಂತಿಸಬೇಕಾಗಿಲ್ಲ. ಸೀರೆಯ ಅಂಚು, ಪೈಜಾಮದ ಕಾಲು, ದರ್ಜಿಯ ಅಂಗಡಿಯ ಕತ್ತರಿಚೂರು, ಇವೆಲ್ಲ ಪಟ್ಟಿಗಳಾಗಿ ಬರುತ್ತವೆ. ಒಂದು ಚೌಕವನ್ನು ನಡುವೆ ಇಟ್ಟು ಸುತ್ತಲೂ ಪಟ್ಟಿಗಳನ್ನು ಇಡುತ್ತ ಹೋದರೆ ಹೊಂದದ ಚೂರುಗಳೂ ಹೊಂದಿಕೊಳ್ಳುತ್ತವೆ. ಕಡುಬಣ್ಣದ ಪಕ್ಕಕ್ಕೆ ತಿಳಿಬಣ್ಣ, ಹೂವಿನ ಬಟ್ಟೆಯ ಪಕ್ಕಕ್ಕೆ ಸಾದಾ ಬಟ್ಟೆ, ಇಷ್ಟನ್ನು ನೆನಪಿಟ್ಟರೆ ಸಾಕು. ತೀರ ಸಣ್ಣ ಖಣದ ಚೂರುಗಳನ್ನು ಎಸೆಯಬಾರದು. ಅವು ಅಂಚಿನ ಮುಕ್ಕೋನಗಳಾಗುತ್ತವೆ, ಅಥವಾ ಕೂಸಿನ ಕುಂಚಿಗೆಗೆ ಒದಗುತ್ತವೆ.

ಪಾಶ್ಚಾತ್ಯ ದೇಶಗಳ ಹೊದಿಕೆಗೂ ನಮ್ಮ ಕೌದಿಗೂ ಇರುವ ಒಂದು ಭೇದವನ್ನು ಇಲ್ಲಿ ಗಮನಿಸಬೇಕು. ಅಲ್ಲಿ ಸಾಮಾನ್ಯವಾಗಿ ಚೌಕಕ್ಕೆ ಚೌಕವನ್ನು ಮೊದಲೇ ಜೋಡಿಸಿ ಮುಖವನ್ನು ಸಿದ್ಧಪಡಿಸುತ್ತಾರೆ. ಅನಂತರ ಅದನ್ನು ಒಳಪದರ ಮತ್ತು ಅಸ್ತರಿಗೆ ಕೂಡಿಸಿ ಇನ್ನೊಮ್ಮೆ ಹೊಲಿಯುತ್ತಾರೆ. ಕೌದಿಯಲ್ಲಿ ಎರಡು ಸಲದ ದುಡಿಮೆಯಿಲ್ಲ. ಅಸ್ತರನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಪದರಗಳನ್ನು ಹರಡಿ, ದೊಡ್ಡ ದೊಡ್ಡ ಟಾಕೆಗಳಿಂದ ತಾತ್ಕಾಲಿಕವಾಗಿ ಹಿಡಿಸುತ್ತಾರೆ. ಅನಂತರ ಮುಖದ ಚೂರುಗಳನ್ನು ಒಂದೊಂದಾಗಿ ಇಟ್ಟು, ಅಂಚನ್ನು ಬೆರಳಿನಿಂದ ಒಳಮಡಚುತ್ತ, ಎಲ್ಲ ಪದರಗಳನ್ನೂ ಹಾಯುವಂತೆ ಸಾಲು ಹೊಲಿಗೆ ಹಾಕುತ್ತ ಹೋಗುತ್ತಾರೆ. ಒಂದೇ ಟಾಕೆಯು ಚೂರನ್ನು ಹಿಡಿಯುತ್ತದೆ, ಪದರಗಳನ್ನು ಕೂಡಿಸುತ್ತದೆ, ಮೇಲೆ ಚಿತ್ತಾರವನ್ನೂ ಬಿಡಿಸುತ್ತದೆ.

ಕೌದಿ ಬೆಚ್ಚಗಿರುವುದೇಕೆ? ಪದರ ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿಯೇ ಅದಕ್ಕೆ ಕಾರಣ. ಸಾಲುಗಳು ತೀರ ದೂರವಾದರೆ ಒಳಪದರ ಜಾರಿ ಗಂಟುಗಟ್ಟುತ್ತದೆ. ತೀರ ಒತ್ತಾದರೆ ಕೌದಿ ಚಾಪೆಯಂತೆ ಬಿರುಸಾಗುತ್ತದೆ. ಸಾಲಿನಿಂದ ಸಾಲಿಗೆ ಅರ್ಧ ಅಂಗುಲದ ಅಂತರವಿದ್ದರೆ ಹೊಲಿಗೆ ಗಟ್ಟಿ, ಹೊದಿಕೆ ಮೆತ್ತಗೆ.

ಸವೆದ ಕೌದಿಯನ್ನು ಬಿಸುಡುವ ಪದ್ಧತಿಯೂ ಇಲ್ಲ. ಅದರ ಮೇಲೆ ಇನ್ನೊಂದು ಸೀರೆ, ಕೆಳಗೆ ಇನ್ನೊಂದು ಸೀರೆ ಇಟ್ಟು ಹೊಲಿದರೆ ಹಳೆಯ ಕೌದಿ ಹೊಸದರ ಹೊಟ್ಟೆಯೊಳಗೆ ಸೇರುತ್ತದೆ. ಹೀಗಾಗಿ ಈಗಿನ ಮೊಮ್ಮಗಳು ಹೊದೆಯುವ ಕೌದಿಯ ಒಳಗೆ, ಕಣ್ಣಿಗೆ ಕಾಣದಂತೆ, ಮುತ್ತಜ್ಜಿಯ ಕೌದಿ ಮಲಗಿರುವುದು ಅಸಂಭವವಲ್ಲ.

ಬಾಗಿಲಿಗೆ ಬರುವ ಸೂಜಿ

ಎಲ್ಲ ಮನೆಗಳಲ್ಲಿಯೂ ಮನೆಯವರೇ ಕೌದಿಯನ್ನು ಹೊಲಿಯುತ್ತಾರೆಂದಲ್ಲ. ಅದನ್ನೇ ಕಸುಬಾಗಿ ನಡೆಸಿಕೊಂಡು ಬಂದ ಹೆಂಗಸರಿದ್ದಾರೆ. ಅವರಲ್ಲಿ ಗೊಂದಲಿಗ ಸಮಾಜದವರು ಹೆಸರಾದವರು. ಅಂಬಾಭವಾನಿಯ ಹೆಸರಿನಲ್ಲಿ ರಾತ್ರಿಯಿಡೀ ಗೊಂದಲ ಹಾಕಿ ಹಾಡುವುದು ಗಂಡಸರ ಕುಲಕಸುಬು. ಹಗಲಿನಲ್ಲಿ ಓಣಿ ಓಣಿ ತಿರುಗಿ ಕೌದಿ ಹೊಲಿದು ಸಂಸಾರವನ್ನು ತೂಗಿಸುವುದು ಹೆಂಗಸರ ಪಾಲಿಗೆ ಬಂದ ಕೆಲಸ. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗತೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತು ಆ ಹಾಡಿಗೆ ದೇಶದ ಮನ್ನಣೆ ಬಂದಿತು. ಹಾಡಿನ ಹಿಂದೆ ಮನೆಯಲ್ಲಿ ಒಲೆ ಉರಿಸಿದ ಸೂಜಿಯ ಮಾತನ್ನು ಎತ್ತಿದವರು ವಿರಳ.

ಬೇಸಗೆಯ ಮುಂಜಾನೆ ಚಿಕ್ಕೋಡಿಯ ಯಾವುದಾದರೊಂದು ಓಣಿಯಲ್ಲಿ ಇಂಥ ಮಾತುಕತೆ ಕಿವಿಗೆ ಬೀಳುವುದುಂಟು.

"ಕೌದಿ ಹೊಲಿಸೂದೈತೇನ್ರೀ, ಬಾಯಾರ?"

"ಐತಿ ಖರೆ. ಎಷ್ಟು ತಗೋತೀಯವಾ?"

"ಬಟ್ಟಿ ನಿಮ್ದು, ನೂಲು ನಿಮ್ದು. ಮೊದಲ ಗಂಟು ಬಿಚ್ಚಿ ತೋರಸ್ರಿ, ಆಮ್ಯಾಲ ಹೇಳ್ತೀನಿ."

"ಹ್ವಾದ ವರ್ಷ ಹೊಲದಾಕಿ ಭಾಳ ಕಡಿಮಿ ತಗೊಂಡಿದ್ಲು ನೋಡು."

"ಆಕಿ ಟಾಕಿ ದೂರ ದೂರ ಹಾಕಿರಬೇಕ್ರೀ ಯವ್ವಾ. ನನ್ನ ಟಾಕಿ ಜ್ವಾಳದ ಕಾಳಿದ್ದಂಗ ಇರತಾವ. ನಿಮ್ಮ ಮೊಮ್ಮಕ್ಕಳು ಹೊತಗೊಂತಾರ."

ಗಂಟು ಹೊರಬರುತ್ತದೆ. ಆಕೆ ಒಂದೊಂದೇ ಬಟ್ಟೆಯನ್ನು ಎತ್ತಿ, ಹೆಬ್ಬೆರಳಿನಿಂದ ತಿಕ್ಕಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಕೆಲವನ್ನು ಬಲಕ್ಕೆ ಇಡುತ್ತಾಳೆ, ಕೆಲವನ್ನು ಎಡಕ್ಕೆ ಸರಿಸುತ್ತಾಳೆ. ಸೀರೆಯೊಂದನ್ನು ಎತ್ತಿದಾಗ ಮನೆಯಾಕೆ ತಟ್ಟನೆ ಕೈ ಚಾಚಿ ಅದನ್ನು ಹಿಂತೆಗೆದುಕೊಳ್ಳುವುದೂ ಉಂಟು. ಅದು ತೀರಿಹೋದ ಅತ್ತೆಯದಾಗಿರಬಹುದು. ತುಸು ಹೊತ್ತು ಕೈಯಲ್ಲಿ ಹಿಡಿದು, ಬಳಿಕ ತಾನೇ ಅದನ್ನು ಬಲಗಡೆಯ ರಾಶಿಯ ಮೇಲೆ ಇಡುತ್ತಾಳೆ. ಟ್ರಂಕಿನಲ್ಲಿ ಮಡಿಕೆ ಬಿದ್ದು ಸೀಳುವುದಕ್ಕಿಂತ ಮಕ್ಕಳ ಮೈಮೇಲೆ ಇರುವುದು ಮೇಲಲ್ಲವೆ?

ಆಮೇಲೆ ದರದ ಚೌಕಾಸಿ. ಮೇಲೊಂದು ಹಳೆಯ ಸೀರೆ, ಒಂದಿಷ್ಟು ಜೋಳ, ಮಧ್ಯಾಹ್ನದ ರೊಟ್ಟಿ. ಕೊನೆಗೆ ಒಂದು ಮಾತಿಗೆ ಇಬ್ಬರೂ ಬರುತ್ತಾರೆ. ಆ ಮಾತು ಸಾಮಾನ್ಯವಾಗಿ ಹೊಲಿಯುವವಳು ಮೊದಲು ಹೇಳಿದ್ದಕ್ಕಿಂತ ಬಹಳ ಕೆಳಗಿರುತ್ತದೆ.

ಒಂದು ಸಣ್ಣ ಲೆಕ್ಕ

ಈ ಚೌಕಾಸಿಯಲ್ಲಿ ಎರಡು ಪಕ್ಷದವರೂ ಮಾಡದ ಲೆಕ್ಕವೊಂದಿದೆ. ಮೇಲೆ ಹೇಳಿದ 80ಕ್ಕೆ 60 ಅಂಗುಲದ ಕೌದಿಯನ್ನೇ ತೆಗೆದುಕೊಳ್ಳೋಣ. ಅರ್ಧ ಅಂಗುಲಕ್ಕೊಂದು ಸಾಲಿನಂತೆ 60 ಅಂಗುಲದ ಅಗಲಕ್ಕೆ 120 ಸಾಲುಗಳು. ಸಾಲೊಂದರ ಉದ್ದ 80 ಅಂಗುಲ. ಒಟ್ಟು ಹೊಲಿಗೆಯ ಉದ್ದ 9,600 ಅಂಗುಲ, ಎಂದರೆ 800 ಅಡಿ. ಅಂಗುಲಕ್ಕೆ ಮೂರೇ ಟಾಕೆಗಳೆಂದು ಹಿಡಿದರೂ ಕೌದಿಯ ಮೈಮೇಲೆ 28,800 ಟಾಕೆಗಳು.

ಟಾಕೆಯೊಂದಕ್ಕೆ ಮೂರು ಸೆಕೆಂಡು ಎಂದುಕೊಳ್ಳೋಣ. 86,400 ಸೆಕೆಂಡುಗಳಾದವು. ಅದು ಸರಿಯಾಗಿ 24 ಗಂಟೆ! ಒಂದು ಹಗಲು ಒಂದು ರಾತ್ರಿ ಸೂಜಿ ನಿಲ್ಲದೆ ನಡೆದರೆ ಒಂದು ಕೌದಿ. ದಿನಕ್ಕೆ ಎಂಟು ಗಂಟೆಯ ದುಡಿಮೆಯೆಂದರೆ ಮೂರು ಪೂರ್ಣ ದಿನಗಳು. ಬಟ್ಟೆ ಆರಿಸುವುದು, ಕತ್ತರಿಸುವುದು, ಹಾಸುವುದು, ನೂಲು ಪೋಣಿಸುವುದು, ಬಗ್ಗಿದ ಬೆನ್ನನ್ನು ಒಮ್ಮೆ ನೇರ ಮಾಡುವುದು, ಇವು ಈ ಲೆಕ್ಕದಲ್ಲಿ ಸೇರಿಲ್ಲ. ಅವಕ್ಕೆ ಇನ್ನೊಂದು ದಿನ ಬೇಕೇ ಬೇಕು. ಒಂದು ಕೌದಿಗೆ ನಾಲ್ಕು ದಿನಗಳ ಕೂಲಿ, ಇದು ಉದಾರದ ಲೆಕ್ಕವಲ್ಲ, ಕನಿಷ್ಠದ ಲೆಕ್ಕ.

ನಿಪ್ಪಾಣಿಯು ತಂಬಾಕಿನ ಊರು. ಅಲ್ಲಿಯ ಬೀಡಿ ಕಟ್ಟುವ ಹೆಂಗಸರ ಮಜೂರಿಯು ಸಾವಿರದ ಲೆಕ್ಕದಲ್ಲಿ ನಡೆಯುತ್ತದೆ. ಸಾವಿರ ಬೀಡಿಗೆ ಇಷ್ಟು ಎಂದು. ಆ ದರ ಸಾಲದೆಂಬ ಕೂಗು ಇರಬಹುದು, ಆದರೆ ಎಣಿಕೆಯಾದರೂ ಇದೆ. ಎಣಿಕೆ ಇದ್ದಲ್ಲಿ ಮಾತನಾಡಲು ಆಧಾರವಿರುತ್ತದೆ. ಕೌದಿಯ ಟಾಕೆಗಳನ್ನು ಯಾರೂ ಎಣಿಸಲಿಲ್ಲ. ಆದುದರಿಂದ ಅದರ ದರವು ಮನೆಯಾಕೆಯ ಮರ್ಜಿಯಾಯಿತು, ಹೊಲಿಯುವವಳ ಹಸಿವಾಯಿತು. ಹೊರಗಿನವಳಿಗೆ ಹೀಗಾದರೆ, ಮನೆಯಲ್ಲಿಯೇ ಕುಳಿತು ಹೊಲಿದ ಅಜ್ಜಿಯ ಮೂರು ನಾಲ್ಕು ದಿನಗಳನ್ನು ಕೇಳುವವರಾರು? "ಮಧ್ಯಾಹ್ನ ಸುಮ್ಮನೆ ಕೂತಿದ್ದಳು, ಒಂದು ಕೌದಿ ಹೊಲಿದಳು" ಎಂದು ಮುಗಿಸಿಬಿಡುವ ಮಾತಿದು. 28,800 ಸಲ ಸೂಜಿ ಎತ್ತಿದವಳು ಸುಮ್ಮನೆ ಕುಳಿತಿದ್ದಳೆ?

ಎಣಿಕೆ ಬಂದರೆ ಏನಾಗುತ್ತದೆಂಬುದಕ್ಕೆ ದೂರದ ಒಂದು ಉದಾಹರಣೆ ಇದೆ. ಅಮೆರಿಕದ ಅಲಬಾಮಾ ಸಂಸ್ಥಾನದ ಗೀಸ್ ಬೆಂಡ್ ಎಂಬುದು ಹೊಳೆಯ ತಿರುವಿನ ಒಂದು ಬಡ ಹಳ್ಳಿ. ಗುಲಾಮಗಿರಿಯನ್ನು ಕಂಡ ಕರಿಯ ಜನರ ಸಂತತಿಯವರು ಅಲ್ಲಿ ವಾಸಿಸುತ್ತಾರೆ. ಅವರ ಹೆಂಗಸರೂ ಹೊಲದಲ್ಲಿ ಹರಿದ ಅಂಗಿ ಷರಾಯಿಗಳನ್ನೇ ಜೋಡಿಸಿ ಮಕ್ಕಳಿಗೆ ಹೊದಿಕೆ ಹೊಲಿದವರು. 1966ರಲ್ಲಿ ಆ ಪ್ರದೇಶದ ಹೆಂಗಸರು ಸಹಕಾರಿ ಸಂಘವೊಂದನ್ನು ಕಟ್ಟಿ ಹೊದಿಕೆಗಳನ್ನು ದುಡ್ಡಿಗೆ ಮಾರತೊಡಗಿದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯವು ಆ ಹೊದಿಕೆಗಳನ್ನು ಚಿತ್ರಪಟಗಳಂತೆ ಗೋಡೆಗೆ ತೂಗುಹಾಕಿತು. 2006ರಲ್ಲಿ ಅವು ಆ ದೇಶದ ಅಂಚೆ ಚೀಟಿಗಳ ಮೇಲೆ ಬಂದವು. ಹಾಸಿಗೆಯ ಮೇಲಿದ್ದಾಗ ಅವು ಬಡತನದ ಗುರುತಾಗಿದ್ದವು, ಗೋಡೆಯೇರಿದಾಗ ಕಲೆಯೆನಿಸಿದವು. ಹೊಲಿಗೆ ಮಾತ್ರ ಎರಡು ಕಡೆಯೂ ಅದೇ.

ನಮ್ಮ ಸೀಮೆಯಲ್ಲಿಯೂ ಇಂಥ ಮಾತು ಇಲ್ಲದಿಲ್ಲ. ಅಥಣಿ ಮತ್ತು ನಿಪ್ಪಾಣಿಗಳ ಕುಶಲಿಗರು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯನ್ನು ಕೂಡಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಅದರಲ್ಲಿ ಪಾಲುಂಟು. ಕಾಲಿಗೆ ಮೆಟ್ಟುವ ವಸ್ತುವಿನ ಹೊಲಿಗೆಗೆ ಮಾನ ಬಂದುದು ಸಂತೋಷದ ಸಂಗತಿ. ಮೈಗೆ ಹೊದೆಯುವ ವಸ್ತುವಿನ ಹೊಲಿಗೆಗೆ ಅಷ್ಟು ದೊಡ್ಡ ಮಾತು ಬೇಡ, ಮೊದಲು ನ್ಯಾಯವಾದ ಕೂಲಿ ಸಂದರೆ ಸಾಕು.

ಹತ್ತಿಯ ಬರ

ಕೂಲಿಯಷ್ಟೇ ಕಠಿಣವಾದ ಇನ್ನೊಂದು ಸಮಸ್ಯೆ ಬಟ್ಟೆಯದು. ಬಾಗಿಲಿಗೆ ಬಂದವಳು ಗಂಟನ್ನು ಬಿಚ್ಚಿ ಬಲಕ್ಕೊಂದು ಎಡಕ್ಕೊಂದು ರಾಶಿ ಮಾಡಿದಳಲ್ಲವೆ? ಬಲಗಡೆಯದು ಹತ್ತಿ. ಎಡಗಡೆಯದು ಪಾಲಿಯೆಸ್ಟರ್, ನೈಲಾನ್ ಮತ್ತು ಅವುಗಳ ಬೆರಕೆ. ಮೊದಲು ಎಡದ ರಾಶಿ ಚಿಕ್ಕದಾಗಿರುತ್ತಿತ್ತು; ಈಗ ಬಲದ ರಾಶಿ ಚಿಕ್ಕದು.

ಹತ್ತಿಯ ಸೀರೆಯು ಉಟ್ಟಷ್ಟೂ ಒಗೆದಷ್ಟೂ ಮೆತ್ತಗಾಗುತ್ತದೆ; ಬೆವರನ್ನು ಹೀರಿಕೊಳ್ಳುತ್ತದೆ. ಪಾಲಿಯೆಸ್ಟರ್ ಬಟ್ಟೆಯು ಬೇಗ ಹರಿಯದು, ಬಣ್ಣವನ್ನೂ ಬೇಗ ಬಿಡದು. ಉಡುವವರಿಗೆ ಇದು ಅನುಕೂಲ. ಆದರೆ ಅದು ಕೌದಿಯ ಒಳಗೆ ನಿಲ್ಲದು. ಪದರಗಳು ಒಂದರ ಮೇಲೊಂದು ಜಾರುತ್ತವೆ. ಬೆವರು ಹೀರದೆ ಮೈ ಕಾಯುತ್ತದೆ. ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ತೊಟ್ಟಿಲಿನ ಕೌದಿಗಂತೂ ಅದು ಸಲ್ಲದು.

ವಿಚಿತ್ರವೆಂದರೆ ಈ ಸೀಮೆಯ ಸುತ್ತಲೂ ಮಗ್ಗಗಳ ಸದ್ದಿದೆ. ನಿಪ್ಪಾಣಿ ಚಿಕ್ಕೋಡಿಗಳಿಂದ ಗಡಿ ದಾಟಿದರೆ ಇಚಲಕರಂಜಿ. 1904ರಲ್ಲಿಯೇ ಮೊದಲ ಯಂತ್ರಮಗ್ಗವನ್ನು ಕಂಡ ಊರದು. ಅಥಣಿಯ ದಕ್ಷಿಣಕ್ಕೆ ರಬಕವಿ ಬನಹಟ್ಟಿಗಳ ನೇಕಾರರು. ಇಂಥ ಊರುಗಳ ಮಗ್ಗದ ಮನೆಗಳಲ್ಲಿಯೂ ದರ್ಜಿಯ ಅಂಗಡಿಗಳಲ್ಲಿಯೂ ಬೀಳುವ ಹತ್ತಿಯ ಚೂರು, ಕಿನಾರಿಗಳು ಕೌದಿಗೆ ಒಳ್ಳೆಯ ಸಾಮಗ್ರಿ. ದರ್ಜಿಗೆ ಒಂದು ಮಾತು ಹೇಳಿಟ್ಟರೆ ಹತ್ತಿಯ ಕತ್ತರಿಚೂರುಗಳನ್ನು ಬೇರೆಯಾಗಿ ಚೀಲದಲ್ಲಿ ತುಂಬಿಡುವುದು ಅವನಿಗೆ ಕಷ್ಟದ ಕೆಲಸವಲ್ಲ. ಮನೆಯಲ್ಲಿಯೂ ಪಾತ್ರೆಯವಳಿಗೆ ಹಳೆಯ ಸೀರೆಗಳನ್ನು ಕೊಡುವ ಮೊದಲು ಹತ್ತಿಯವನ್ನು ಆರಿಸಿ ಎತ್ತಿಡಬಹುದು. ವರ್ಷಕ್ಕೆ ಎರಡು ಸೀರೆ, ನಾಲ್ಕಾರು ಅಂಗಿ ಉಳಿಸಿದರೂ ಮೂರು ವರ್ಷಗಳಲ್ಲಿ ಒಂದು ಕೌದಿಯ ಗಂಟಾಗುತ್ತದೆ.

ನೀರು ಬಂದಾಗ

2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ದಂಡೆ ಮೀರಿದಾಗ ಈ ಐದು ತಾಲೂಕುಗಳ ಹೊಳೆಸಾಲಿನ ಹಳ್ಳಿಗಳಿಗೆಲ್ಲ ನೀರು ಬಂತು. ಅದಕ್ಕೆ ಮೊದಲು 2005ರಲ್ಲಿಯೂ ಅನಂತರ 2021ರಲ್ಲಿಯೂ ಜನ ಮಹಾಪೂರವನ್ನು ಕಂಡರು. ಅಂಥ ಹೊತ್ತಿನಲ್ಲಿ ಕೈಗೆ ಬರುವುದು ಮಕ್ಕಳು, ದನಕರುಗಳು, ಕಾಗದಪತ್ರಗಳು, ಒಂದು ಚೀಲ ಕಾಳು. ಹೊದಿಕೆಯ ನೆನಪಾಗುವುದು ರಾತ್ರಿ, ಶಾಲೆಯ ಕಟ್ಟಡದ ತಣ್ಣನೆಯ ನೆಲದ ಮೇಲೆ ಮಲಗುವಾಗ. ಕೆಸರುನೀರಿನಲ್ಲಿ ದಿನಗಟ್ಟಲೆ ನೆನೆದ ಕೌದಿಯು ಮತ್ತೆ ಮೊದಲಿನಂತಾಗುವುದು ಕಷ್ಟ. ಒಳಪದರ ಕೊಳೆತು ನಾರುತ್ತದೆ. ಪರಿಹಾರದ ಕಂಬಳಿಯು ಚಳಿಯನ್ನು ತಡೆಯುತ್ತದೆ, ಅದಕ್ಕೆ ಕೃತಜ್ಞತೆ ಸಲ್ಲಬೇಕು. ಆದರೆ ತೀರಿಹೋದ ತಾಯಿಯ ಸೀರೆ ಇನ್ನೊಂದು ಬರಲಾರದು. ಕೌದಿಯ ಬೆಲೆ ಏನೆಂಬುದು ಆಗ ಮನಸ್ಸಿಗೆ ಹೊಳೆಯುತ್ತದೆ. ಪುಕ್ಕಟೆಯ ಹೊದಿಕೆ ಎಂಬ ಮಾತು ಆಗ ಬಾಯಿಗೆ ಬಾರದು.

ಬೆಲೆಯುಳ್ಳದ್ದನ್ನು ಹೊಲಿದ ಕೈಗೂ ಬೆಲೆಯುಂಟು. ಮುಂದಿನ ಬೇಸಗೆಯಲ್ಲಿ "ಕೌದಿ ಹೊಲಿಸೂದೈತೇನ್ರೀ?" ಎಂಬ ಕೂಗು ಕೇಳಿದಾಗ ಗಂಟು ಬಿಚ್ಚಿ ತೋರಿಸುವ ಗೃಹಿಣಿಯು ಹೋದ ವರ್ಷದ ದರವನ್ನು ಒಂದು ಗಳಿಗೆ ಮರೆಯಲಿ. ತನ್ನ ಹಳೆಯ ಕೌದಿಯನ್ನು ಪಡಸಾಲೆಯಲ್ಲಿ ಹಾಸಿ, ಬೆರಳಿಟ್ಟು ಒಂದೇ ಒಂದು ಸಾಲಿನ ಟಾಕೆಗಳನ್ನು ಎಣಿಸಲಿ. ನೂರಿನ್ನೂರರ ಹತ್ತಿರ ಎಣಿಕೆ ತಪ್ಪುತ್ತದೆ. ಉಳಿದ ಸಾಲುಗಳು ಇನ್ನೂ ನೂರಕ್ಕೆ ಮೇಲಿರುತ್ತವೆ. ಅಷ್ಟಾದ ಮೇಲೆ ಹೊರಗೆ ಬಂದು, ಬಾಗಿಲಲ್ಲಿ ಕುಳಿತವಳಿಗೆ ಒಂದು ತಂಬಿಗೆ ನೀರು ಕೊಟ್ಟು, ದರದ ಮಾತನ್ನು ಆಡಲಿ.